ನಿಜವಾದ ಮಾತು, ತಪ್ಪಾದ ಉತ್ತರ

“ಸಾರ್, ಈ ಮಾತು ನಿಜವೇ ಅಲ್ಲವೇ? ನಿಜವಾದ ಮಾತು ತಪ್ಪು ಉತ್ತರ ಹೇಗಾದೀತು?”

ಎಂಟನೆಯ ತರಗತಿಯ ಮಕ್ಕಳನ್ನು ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದ ಒಂದು ಸಂಜೆ ಬಾಲಕಿಯೊಬ್ಬಳು ನಮ್ಮನ್ನು ಕೇಳಿದ ಪ್ರಶ್ನೆಯಿದು. ಅವಳ ಧ್ವನಿಯಲ್ಲಿ ಹಟವಿರಲಿಲ್ಲ. ಅನ್ಯಾಯಕ್ಕೆ ಒಳಗಾದವರ ನೋವಿತ್ತು. ಗಂಟೆ ಹೊಡೆಯುವ ಹೊತ್ತಾಗಿತ್ತು. “ಉತ್ತರಸೂಚಿಯಲ್ಲಿ ಹಾಗಿದೆ, ಮಗು; ಮುಂದಿನ ಪ್ರಶ್ನೆಯನ್ನು ನೋಡೋಣ” ಎಂದು ಹೇಳಿ ನಾವು ಮುಂದೆ ಸಾಗಿದೆವು. ಆದರೆ ಆ ಪ್ರಶ್ನೆ ನಮ್ಮ ಜೊತೆಯಲ್ಲಿಯೇ ಮನೆಗೆ ಬಂದಿತು. ಉತ್ತರಸೂಚಿಯ ಹೆಸರು ಹೇಳಿ ಮಗುವಿನ ಬಾಯಿ ಕಟ್ಟುವುದು ಉಪಾಧ್ಯಾಯರಿಗೆ ಸುಲಭ. ಆದರೆ ಅದರಿಂದ ಮಗುವಿನ ಬುದ್ಧಿಯ ಬಾಗಿಲೂ ಮುಚ್ಚಿಹೋಗಬಹುದೆಂಬುದನ್ನು ನಾವು ಮರೆಯುತ್ತೇವೆ. ಅಂದು ಕೊಡಲಾಗದ ಉತ್ತರವನ್ನು ಇಂದು ಈ ವಾರ್ಷಿಕ ಸಂಚಿಕೆಯ ಮೂಲಕ ಕೊಡಲು ಪ್ರಯತ್ನಿಸುತ್ತೇವೆ.

ಎನ್.ಎಂ.ಎಂ.ಎಸ್. ಎಂದು ಎಲ್ಲರೂ ಕರೆಯುವ ಈ ಪರೀಕ್ಷೆಯ ಮಹತ್ವವನ್ನು ನಮ್ಮ ಶಾಲೆಯ ತಂದೆತಾಯಿಗಳು ಬಲ್ಲರು. ೨೦೦೮ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ ದೊರೆಯುತ್ತದೆ. ಪರೀಕ್ಷೆಯ ಎರಡು ಭಾಗಗಳಲ್ಲಿ ಒಂದು ಬೌದ್ಧಿಕ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ೯೦ ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು. ತಂದೆಯ ದಿನಗೂಲಿಯಲ್ಲಿ ಸಂಸಾರ ಸಾಗುವ ಮನೆಯ ಮಗುವಿಗೆ ನಾಲ್ಕು ಆಯ್ಕೆಗಳಲ್ಲಿ ಯಾವುದನ್ನು ಗುರುತಿಸಬೇಕೆಂಬುದು ವಿನೋದದ ಮಾತಲ್ಲ. ಮುಂದೆ ಓದುವುದೋ ಬಿಡುವುದೋ ಎಂಬುದು ಕೆಲವೊಮ್ಮೆ ಅದರ ಮೇಲೆ ನಿಂತಿರುತ್ತದೆ.

ಇನ್ನು ಆ ದಿನದ ಪ್ರಶ್ನೆಗೆ ಬರೋಣ. ಅಭ್ಯಾಸಕ್ಕಾಗಿ ನಾವೇ ಸಿದ್ಧಪಡಿಸಿದ್ದ ಒಂದು ಚಿಕ್ಕ ಗದ್ಯಭಾಗ ಹೀಗಿತ್ತು:

“೧೮೬೩ನೆಯ ಇಸವಿ ಮೇ ೩೦ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರದ ಸೈನಿಕ ಮೈದಾನದಲ್ಲಿ ಒಂದು ಕಲ್ಲನ್ನು ಕಂಡರು. ಅದು ಗುಂಡಿಯೊಂದರಿಂದ ಅಗೆದು ಹಾಕಿದ್ದ ಜಂಬಿಟ್ಟಿಗೆ ಗರಸಿನ ರಾಶಿಯಲ್ಲಿತ್ತು. ಚಕ್ಕೆಗಳನ್ನು ಎಬ್ಬಿಸಿ ಅದನ್ನು ಕೈಕೊಡಲಿಯ ಆಕಾರಕ್ಕೆ ತರಲಾಗಿತ್ತು. ಇದು ಮನುಷ್ಯನ ಕೈಯ ಕೆಲಸವೆಂದು ಅವರು ತೀರ್ಮಾನಿಸಿದರು. ಭಾರತದಲ್ಲಿ ಹಳೆಯ ಶಿಲಾಯುಗದ್ದೆಂದು ಗುರುತಿಸಲಾದ ಮೊದಲ ಉಪಕರಣ ಇದು.”

ಪ್ರಶ್ನೆ: ಈ ಗದ್ಯಭಾಗದಿಂದ ಹೆಚ್ಚು ಸಮರ್ಥನೆ ದೊರೆಯುವುದು ಯಾವ ಹೇಳಿಕೆಗೆ?

(ಅ) ಭಾರತದಲ್ಲಿ ಮಾನವನು ಮೊಟ್ಟಮೊದಲು ನೆಲೆಸಿದ್ದು ಪಲ್ಲಾವರದಲ್ಲಿಯೇ.

(ಆ) ಹಳೆಯ ಶಿಲಾಯುಗದ ಜನರು ಬೇಟೆಯಿಂದಲೂ ಹಣ್ಣು ಗೆಡ್ಡೆಗಳಿಂದಲೂ ಜೀವಿಸುತ್ತಿದ್ದರು.

(ಇ) ಕಲ್ಲನ್ನು ಕೆತ್ತಿ ಉಪಕರಣ ಮಾಡಬಲ್ಲ ಜನರು ಹಿಂದೆ ದಕ್ಷಿಣ ಭಾರತದಲ್ಲಿ ಇದ್ದಿರಬೇಕು.

(ಈ) ೧೮೬೩ಕ್ಕೆ ಮುಂಚೆ ಭಾರತದಲ್ಲಿ ಕಲ್ಲಿನ ಉಪಕರಣವನ್ನು ಯಾರೂ ಕಂಡಿರಲಿಲ್ಲ.

ನಮ್ಮ ಬಾಲಕಿ ಗುರುತಿಸಿದ್ದು (ಆ). ಸಮಾಜ ವಿಜ್ಞಾನದ ಪಾಠದಲ್ಲಿ ಅವಳು ಅದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಳು. ಇಂದು ಅದೇ ಮಾತಿಗೆ ಅಂಕವಿಲ್ಲವೆಂದರೆ ಅವಳಿಗೆ ನೋವಾಗದೆ ಇರುತ್ತದೆಯೇ?

ನಮ್ಮ ಉತ್ತರವಿದು. ಅವಳ ಮಾತು ನಿಜವೇ. ಆದರೆ ಪ್ರಶ್ನೆ ಕೇಳಿದ್ದು “ಯಾವುದು ನಿಜ?” ಎಂದಲ್ಲ, “ಕೊಟ್ಟಿರುವ ಸಂಗತಿಯಿಂದ ಯಾವುದು ಹೊರಡುತ್ತದೆ?” ಎಂದು. ಗದ್ಯಭಾಗದಲ್ಲಿ ಬೇಟೆಯ ಮಾತಿಲ್ಲ, ಗೆಡ್ಡೆಗೆಣಸಿನ ಮಾತಿಲ್ಲ. ಆ ಕಲ್ಲಿನಿಂದ ಮರ ಕಡಿದರೋ, ನೆಲ ಅಗೆದರೋ, ಪ್ರಾಣಿಯ ಚರ್ಮ ಸುಲಿದರೋ ಅಲ್ಲಿ ಹೇಳಿಲ್ಲ. ಒಂದು ಮಾತು ನಿಜವಾಗಿರುವುದು ಬೇರೆ. ಆ ಮಾತಿಗೆ ನಮ್ಮ ಕೈಯಲ್ಲಿ ಆಧಾರವಿರುವುದು ಬೇರೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ತಾನು ಕಂಡದ್ದನ್ನು ಮಾತ್ರ ಹೇಳಬೇಕು. ಊರಿನವರೆಲ್ಲ ಬಲ್ಲ ಮಾತೇ ಆದರೂ ತಾನು ಕಾಣದ್ದನ್ನು ಕಂಡೆನೆಂದರೆ ಅದು ಸುಳ್ಳುಸಾಕ್ಷಿಯೇ. (ಆ) ಆಯ್ಕೆಯನ್ನು ಗುರುತಿಸಿದವಳು ಅಜ್ಞಾನಿಯಲ್ಲ. ತನ್ನ ಜ್ಞಾನವನ್ನು ಸಾಕ್ಷಿಯ ಸ್ಥಾನದಲ್ಲಿ ಕೂರಿಸಿದಳು, ಅಷ್ಟೆ. ಹೆಚ್ಚು ಓದಿದ ಮಕ್ಕಳೇ ಇಂಥ ಪ್ರಶ್ನೆಯಲ್ಲಿ ಎಡವುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಕಾರಣ ಇದೇ.

ಉಳಿದ ಎರಡರ ದೋಷ ಬೇರೆ ಬಗೆಯದು. (ಅ) ಎಂಬುದು ಅತಿಜಿಗಿತ. ಮೊದಲು ಸಿಕ್ಕಿದ ಸ್ಥಳ ಮೊದಲು ನೆಲೆಸಿದ ಸ್ಥಳವಾಗಬೇಕಾಗಿಲ್ಲ. ಕಳೆದ ನಾಣ್ಯವನ್ನು ಹುಡುಕುವವನಿಗೆ ಅದು ದೀಪದ ಬುಡದಲ್ಲಿ ಸಿಕ್ಕರೆ ಊರಿನ ನಾಣ್ಯಗಳೆಲ್ಲ ದೀಪದ ಬುಡದಲ್ಲಿಯೇ ಇವೆಯೆಂದು ಅರ್ಥವಲ್ಲ. (ಈ) ಎಂಬುದು ಸಾಲದ್ದಕ್ಕೆ ಸುಳ್ಳೂ ಹೌದು. ೧೮೪೨ರಷ್ಟು ಹಿಂದೆಯೇ ಪ್ರಿಮ್‌ರೋಸ್ ಎಂಬ ವೈದ್ಯರು ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದರು. ಪಲ್ಲಾವರದ್ದು ಹಳೆಯ ಶಿಲಾಯುಗದ್ದೆಂದು ಗುರುತಿಸಿದವುಗಳಲ್ಲಿ ಮೊದಲನೆಯದು. “ಹಳೆಯ ಶಿಲಾಯುಗದ್ದೆಂದು” ಎಂಬ ವಿಶೇಷಣವನ್ನು (ಈ) ಆಯ್ಕೆ ಸದ್ದಿಲ್ಲದೆ ಕೈಬಿಟ್ಟಿದೆ. ಲಿಂಗಸುಗೂರಿನ ವಿಷಯ ತಿಳಿಯದ ಮಗುವೂ ಈ ಒಂದು ವಿಶೇಷಣವನ್ನು ಹಿಡಿದು ಆ ಆಯ್ಕೆಯನ್ನು ತಳ್ಳಿಹಾಕಬಹುದು. ಹೊರಗಿನ ಜ್ಞಾನ ಬೇಕಿಲ್ಲ. ಓದುವ ಕಣ್ಣು ಬೇಕು.

ಉಳಿದದ್ದು (ಇ). ಅದರ ಭಾಷೆಯನ್ನು ನೋಡಿರಿ: “ಇದ್ದರು” ಎಂದಿಲ್ಲ, “ಇದ್ದಿರಬೇಕು” ಎಂದಿದೆ. ಸಾಕ್ಷ್ಯ ಎಷ್ಟಿದೆಯೋ ಅಷ್ಟೇ ಹೇಳುವ ವಿನಯ ಅದರಲ್ಲಿದೆ. ಸರಿಯುತ್ತರ ಬಹುಮಟ್ಟಿಗೆ ಹೀಗೆಯೇ ತಗ್ಗಿದ ದನಿಯಲ್ಲಿ ಮಾತನಾಡುತ್ತದೆ. ಆದ್ದರಿಂದಲೇ ಗಟ್ಟಿದನಿಯ ಆಯ್ಕೆಗಳ ನಡುವೆ ಅದು ಮಕ್ಕಳ ಕಣ್ಣಿಗೆ ಬೀಳದೆ ಹೋಗುತ್ತದೆ.

ಇಷ್ಟಕ್ಕೇ ನಿಲ್ಲದೆ ಪಲ್ಲಾವರದ ಕಥೆಯನ್ನು ಇನ್ನೂ ಸ್ವಲ್ಪ ಮುಂದುವರಿಸುತ್ತೇವೆ. ತಾರ್ಕಿಕ ಪರೀಕ್ಷೆಗಳಲ್ಲಿ ಕೇಳುವ ಪ್ರಶ್ನೆಗಳ ಜಾತಿಗಳೆಲ್ಲವೂ ಆ ಒಂದೇ ಕಲ್ಲಿನಲ್ಲಿ ಅಡಗಿವೆ.

ಚೆನ್ನೈಗೆ ಹೋದವರು ವಿಮಾನನಿಲ್ದಾಣದ ಆಚೆ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ ಪಲ್ಲಾವರವನ್ನು ದಾಟಿಯೇ ಇರುತ್ತಾರೆ. ಈಗ ಅದು ತಾಂಬರಂ ಮಹಾನಗರಪಾಲಿಕೆಗೆ ಸೇರಿದ ಜನನಿಬಿಡವಾದ ಊರು. ಪಲ್ಲವ ದೊರೆ ಮಹೇಂದ್ರವರ್ಮನ ಕಾಲದ ಗುಹಾಲಯವೊಂದು ಅಲ್ಲಿನ ಗುಡ್ಡದಲ್ಲಿದೆ. ಆ ಗುಡ್ಡಗಳ ಕಲ್ಲಿಗೂ ಒಂದು ಕಥೆಯುಂಟು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಸಮಾಧಿಶಿಲೆ ಇದೇ ಜಾತಿಯ ಕಲ್ಲೆಂದು ಗುರುತಿಸಿ, ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅವರು ಇದಕ್ಕೆ ಚಾರ್ನೊಕೈಟ್ ಎಂದು ಹೆಸರಿಟ್ಟರು. ಫೂಟ್ ಅವರು ಇಲ್ಲಿ ಆ ಕಲ್ಲನ್ನು ಎತ್ತಿಕೊಂಡಾಗ ಅವರಿಗೆ ೨೮ ವರ್ಷ. ನಾಲ್ಕು ವರ್ಷ ಹಿಂದೆ, ೧೮೫೯ರಲ್ಲಿ, ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ ಸಿಕ್ಕಿದ ಇಂಥ ಕಲ್ಲುಗಳು ಪ್ರಾಚೀನ ಮಾನವನ ಕೈಗೆಲಸವೆಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಸುದ್ದಿಯನ್ನು ಬಲ್ಲ ಕಣ್ಣಿಗೆ ಮಾತ್ರ ಪಲ್ಲಾವರದ ಕಲ್ಲು ಕೊಡಲಿಯಾಗಿ ಕಂಡಿತು. ಆ ಗುಂಡಿಯನ್ನು ಅಗೆದವರಿಗೆ ಅದು ಬರಿಯ ಗರಸಾಗಿಯೇ ಇತ್ತು.

ಈಗ ಮೊದಲನೆಯ ಜಾತಿಯ ಪ್ರಶ್ನೆ: ಫೂಟರ ತೀರ್ಮಾನದ ಹಿಂದಿರುವ ಊಹೆ ಯಾವುದು? ಇಂಥ ಕ್ರಮವಾದ ಚಕ್ಕೆಗುರುತು ನೀರಿನ ಹೊಡೆತದಿಂದಲೋ ಬಿಸಿಲಿನ ಬಿರುಕಿನಿಂದಲೋ ತಾನಾಗಿ ಆಗುವುದಿಲ್ಲ ಎಂಬುದೇ ಆ ಊಹೆ. ಇದನ್ನು ಹೇಗೆ ಕಂಡುಹಿಡಿಯಬೇಕು? ಆ ಊಹೆಯನ್ನು ತಲೆಕೆಳಗು ಮಾಡಿ ನೋಡಬೇಕು. “ಇಂಥ ಆಕಾರ ತಾನಾಗಿಯೂ ಆಗುತ್ತದೆ” ಎಂದುಕೊಳ್ಳಿರಿ, ತೀರ್ಮಾನ ಕುಸಿದುಬೀಳುತ್ತದೆ. ಯಾವ ಮಾತನ್ನು ತೆಗೆದರೆ ಗೋಡೆ ಬೀಳುವುದೋ ಅದೇ ಅಡಿಗಲ್ಲು.

ಎರಡನೆಯ ಜಾತಿ: ತೀರ್ಮಾನವನ್ನು ಬಲಪಡಿಸುವುದು ಯಾವುದು? ಪಲ್ಲಾವರದ ಕಲ್ಲು ಅಗೆದು ಹಾಕಿದ ರಾಶಿಯಲ್ಲಿ ಸಿಕ್ಕಿತ್ತು. ನೆಲದ ಪದರದಲ್ಲಿ ತನ್ನ ಸ್ಥಾನದಲ್ಲಿ ಇದ್ದದ್ದಲ್ಲ. ಅದೊಂದು ದೌರ್ಬಲ್ಯವೇ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಫೂಟ್ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂನಲ್ಲಿ ಇಂಥ ಉಪಕರಣಗಳನ್ನು ಕಂಡರು. ಒಂದಲ್ಲ, ಹಲವು; ಅದೂ ನೆಲದ ಪದರಗಳೊಂದಿಗೆ ಸಂಬಂಧ ತೋರಿಸಬಲ್ಲ ಸ್ಥಿತಿಯಲ್ಲಿ. ಒಂದು ಕಲ್ಲು ಆಕಸ್ಮಿಕವಾಗಿರಬಹುದು. ನೂರು ಕಲ್ಲುಗಳು ಒಂದೇ ಆಕಾರ ತಾಳುವುದು ಆಕಸ್ಮಿಕವಲ್ಲ.

ಮೂರನೆಯ ಜಾತಿ: ಯಾವ ತೀರ್ಮಾನಕ್ಕೆ ಆಧಾರವಿಲ್ಲ? ಶಾಂತಿ ಪಪ್ಪು ಅವರೂ ಅವರ ಸಂಗಡಿಗರೂ ಅತ್ತಿರಂಪಾಕ್ಕಂನಲ್ಲಿ ಅಗೆತ ನಡೆಸಿ, ಅಲ್ಲಿನ ಹಳೆಯ ಉಪಕರಣಗಳ ವಯಸ್ಸು ಸುಮಾರು ೧೫ ಲಕ್ಷ ವರ್ಷವೆಂದು ೨೦೧೧ರಲ್ಲಿ ಪ್ರಕಟಿಸಿದರು. “ಆದ್ದರಿಂದ ಪಲ್ಲಾವರದ ಕೊಡಲಿಯೂ ೧೫ ಲಕ್ಷ ವರ್ಷ ಹಳೆಯದು” ಎಂಬ ಆಯ್ಕೆಯನ್ನು ಕೊಟ್ಟರೆ ತರಗತಿಯ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೇಳುತ್ತವೆ. ಆದರೆ ಲೆಕ್ಕ ಹಾಕಿದ್ದು ಒಂದು ನೆಲದ ಪದರದ ವಯಸ್ಸನ್ನು. ಪದರದಿಂದ ಕಿತ್ತು ರಾಶಿಗೆ ಬಿದ್ದ ಇನ್ನೊಂದು ಊರಿನ ಕಲ್ಲಿಗೆ ಅದನ್ನು ಅಂಟಿಸಲಾಗದು. ಅಣ್ಣನ ಜಾತಕವನ್ನು ತಮ್ಮನಿಗೆ ಓದಿದಂತಾಗುತ್ತದೆ.

ಈ ವಿವೇಕ ಪಶ್ಚಿಮದಿಂದ ಬಂದದ್ದೆಂದು ಭಾವಿಸುವವರೂ ಇದ್ದಾರೆ. ಹಾಗಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆ ಅಮೆರಿಕದಿಂದ ಬಂದದ್ದು ನಿಜ. ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಕಾನ್ಸಾಸಿನಲ್ಲಿ ಅದನ್ನು ಬಳಕೆಗೆ ತಂದವರೆಂದು ಹೇಳುತ್ತಾರೆ. ಆದರೆ ಆಧಾರಕ್ಕೂ ತೀರ್ಮಾನಕ್ಕೂ ಇರುವ ನಂಟನ್ನು ಅಳೆಯುವ ವಿದ್ಯೆ ನಮ್ಮ ನ್ಯಾಯಶಾಸ್ತ್ರದಲ್ಲಿ ಬಹು ಪ್ರಾಚೀನವಾದದ್ದು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಅನುಮಾನಕ್ಕೆ ಐದು ಅಂಗಗಳನ್ನು ನಮ್ಮ ಹಿರಿಯರು ಹೇಳಿದರು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆನ್ನಬಹುದು. ಬೆಂಕಿ ಕಂಡ ಮಾತ್ರಕ್ಕೆ ಹೊಗೆಯಿದೆಯೆನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಬಂಧ ಬೇಕು. ಇದಕ್ಕೆ ಉಪಾಧಿ ಎಂದು ಹೆಸರು. ಮಾತನ್ನು ತಿರುಗುಮುರುಗಾಗಿಸಿದರೆ ಸತ್ಯ ಕೆಡುತ್ತದೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಪರೀಕ್ಷೆಗಳಲ್ಲಿ ತಪ್ಪುದಾರಿಗೆ ಎಳೆಯುವ ಆಯ್ಕೆಗಳಲ್ಲಿ ಬಹಳಷ್ಟು ಈ ಕೆಂಪು ಕಬ್ಬಿಣದ ಜಾತಿಯವೇ.

ಇನ್ನು ಭಾಷೆಯ ಮಾತು. ಇಂಗ್ಲಿಷಿನಲ್ಲಿ ಓದಿದವರಿಗೇ ತರ್ಕ ಸಲೀಸು, ಕನ್ನಡದ ಮಕ್ಕಳಿಗೆ ಅದು ಒಗ್ಗದು ಎಂಬ ಅಭಿಪ್ರಾಯವನ್ನು ನಾವು ಆಗಾಗ್ಗೆ ಕೇಳುತ್ತೇವೆ. ಇದನ್ನು ನಾವು ಸಂಪೂರ್ಣವಾಗಿ ನಿರಾಕರಿಸುತ್ತೇವೆ. ಕನ್ನಡದಲ್ಲಿ ಒಂದೇ ಒಂದು ಸ್ವರ ತೀರ್ಮಾನದ ತೂಕವನ್ನು ಬದಲಿಸಬಲ್ಲದು. “ಕೊಡಲಿ ಪಲ್ಲಾವರದಲ್ಲಿ ಸಿಕ್ಕಿತು” ಎಂಬುದು ಒಂದು ಸಂಗತಿ. “ಪಲ್ಲಾವರದಲ್ಲಿಯೇ ಸಿಕ್ಕಿತು” ಎಂದರೆ ಬೇರೆಲ್ಲೂ ಇಲ್ಲವೆಂದಾಯಿತು. “ಪಲ್ಲಾವರದಲ್ಲಿಯೂ ಸಿಕ್ಕಿತು” ಎಂದರೆ ಬೇರೆಡೆಯೂ ಸಿಕ್ಕಿದೆಯೆಂದಾಯಿತು. “ಪಲ್ಲಾವರದಲ್ಲಿಯೋ ಎಲ್ಲಿಯೋ ಸಿಕ್ಕಿತು” ಎಂದರೆ ಹೇಳುವವನಿಗೇ ನಿಶ್ಚಯವಿಲ್ಲ. ಅವಧಾರಣಾರ್ಥಕಾವ್ಯಯವೆಂದು ವ್ಯಾಕರಣದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿಸುವ ಆ “ಏ” ಕಾರವೇ ತರ್ಕದ ಬೀಗದ ಕೈ. ಮೇಲಿನ (ಅ) ಆಯ್ಕೆಯ “ಪಲ್ಲಾವರದಲ್ಲಿಯೇ” ಎಂಬಲ್ಲಿ ಅದು ಕುಳಿತಿರುವುದನ್ನು ವಾಚಕರು ಗಮನಿಸಿರಬಹುದು. ವ್ಯಾಕರಣವನ್ನು ಅಂಕಕ್ಕಾಗಿ ಮಾತ್ರ ಕಲಿಸಿ, ಅದರ ಬಾಳಿನ ಉಪಯೋಗವನ್ನು ತೋರಿಸದಿರುವುದು ನಮ್ಮ ಉಪಾಧ್ಯಾಯವರ್ಗದ ತಪ್ಪು. ಮಕ್ಕಳದಲ್ಲ, ಭಾಷೆಯದಂತೂ ಅಲ್ಲವೇ ಅಲ್ಲ.

ಆದರೆ ಪ್ರಶ್ನೆಪತ್ರಿಕೆ ತಯಾರಿಸುವವರ ಹೊಣೆಯೊಂದುಂಟು. “ಎಲ್ಲರೂ ಬರಲಿಲ್ಲ” ಎಂಬ ಕನ್ನಡ ವಾಕ್ಯಕ್ಕೆ “ಯಾರೊಬ್ಬರೂ ಬರಲಿಲ್ಲ” ಎಂದೂ “ಕೆಲವರು ಮಾತ್ರ ಬಂದರು” ಎಂದೂ ಎರಡರ್ಥ ಹುಟ್ಟಬಹುದು. ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಯನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದಾಗ ಇಂಥ ಕವಲುಗಳು ತಲೆದೋರುತ್ತವೆ. ಮಗು ತರ್ಕದಲ್ಲಿ ಸೋತಿತೋ ಭಾಷಾಂತರದಲ್ಲಿ ಸೋತಿತೋ ಹೇಳುವುದು ಅಸಾಧ್ಯವಾಗುತ್ತದೆ. ಇದು ಕಲ್ಪನೆಯ ಭಯವಲ್ಲ. ೨೦೨೪ರ ಆಗಸ್ಟ್ ೨೭ರಂದು ನಡೆದ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಭಾಷಾಂತರದ ದೋಷಗಳು ಕಂಡುಬಂದು, ಅದೇ ವರ್ಷ ಡಿಸೆಂಬರ್ ೨೯ರಂದು ಆ ಪರೀಕ್ಷೆಯನ್ನು ಮತ್ತೆ ನಡೆಸಬೇಕಾಯಿತು. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಆಲೋಚಿಸಿ ಬರೆಯುವವರು ಇರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ತಕ್ಕಡಿಯೇ ವಾಲಿದ್ದರೆ ಸರಕಿನ ತೂಕ ಹೇಗೆ ತಿಳಿಯಬೇಕು?

ಇನ್ನೊಂದು ಕಡೆ, ಪರೀಕ್ಷೆಯ ಹೆಸರಿನಲ್ಲಿ ಕೆಲವರು ಕಲಿಸುವ ‘ಉಪಾಯ’ಗಳ ವಿಷಯವನ್ನೂ ಹೇಳಬೇಕು. ಉದ್ದವಾದ ಆಯ್ಕೆಯೇ ಸರಿಯುತ್ತರ, ತಿಳಿಯದಿದ್ದರೆ (ಇ) ಎಂದು ಗುರುತಿಸು, “ಮಾತ್ರ” ಎಂದಿದ್ದರೆ ಕಣ್ಣುಮುಚ್ಚಿ ಬಿಡು ಎಂಬಂಥ ಸೂತ್ರಗಳು ಕೈಯಿಂದ ಕೈಗೆ ದಾಟುತ್ತಿವೆ. ಇವು ಕೆಲವು ಸಲ ಫಲಿಸುತ್ತವೆ. ಅದೇ ಇವುಗಳ ಅಪಾಯ. “ಮಾತ್ರ” ಎಂಬ ಮಾತು ಗದ್ಯಭಾಗದಲ್ಲಿಯೇ ಇದ್ದರೆ ಆಯ್ಕೆಯಲ್ಲಿಯೂ ಇರಲೇಬೇಕಲ್ಲವೇ? ಪದವನ್ನು ಕಂಡು ಓಡುವವನು ಹಗ್ಗವನ್ನು ಹಾವೆಂದು ಓಡಿದವನಂತೆ.

ಊಹೆಯಿಂದ ಉತ್ತರಿಸುವವರಿಗೆ ಒಂದು ಸಣ್ಣ ಲೆಕ್ಕವನ್ನು ತೋರಿಸುತ್ತೇವೆ. ನಮ್ಮ ಮಕ್ಕಳು ಮುಂದೆ ಬರೆಯಬಹುದಾದ ಕೇಂದ್ರ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ೮೦ ಪ್ರಶ್ನೆಗಳು, ೨೦೦ ಅಂಕಗಳು; ಅಂದರೆ ಸರಿಯುತ್ತರಕ್ಕೆ ಎರಡೂವರೆ ಅಂಕ. ತಪ್ಪಿಗೆ ಅದರ ಮೂರನೆಯ ಒಂದು ಪಾಲು, ಸುಮಾರು ೦.೮೩ ಅಂಕ, ಕಡಿತ. ನಾಲ್ಕರಲ್ಲಿ ಒಂದನ್ನು ಕುರುಡಾಗಿ ಗುರುತಿಸುತ್ತ ಹೋದರೆ ಬಂದದ್ದೂ ಹೋದದ್ದೂ ಸರಾಸರಿಯಲ್ಲಿ ಸರಿಹೋಗಿ ಸೊನ್ನೆ ಉಳಿಯುತ್ತದೆ. ಆದರೆ ಕಾರಣಸಹಿತವಾಗಿ ಒಂದು ಆಯ್ಕೆಯನ್ನು ತಳ್ಳಿಹಾಕಿ ಉಳಿದ ಮೂರರಲ್ಲಿ ಊಹಿಸಿದರೆ ಪ್ರಶ್ನೆಗೆ ಸರಾಸರಿ ೦.೨೮ ಅಂಕದ ಲಾಭ. ಎರಡನ್ನು ತಳ್ಳಿಹಾಕಿದರೆ ೦.೮೩. ಗಣಿತವೇ ಹೇಳುವ ನೀತಿಯಿದು: ಅದೃಷ್ಟಕ್ಕೆ ಬೆಲೆ ಸೊನ್ನೆ, ವಿವೇಚನೆಗೆ ಅರ್ಧದಾರಿಯಲ್ಲಿಯೂ ಬೆಲೆಯುಂಟು. ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ತಪ್ಪಿಗೆ ಕಡಿತವಿಲ್ಲ; ಆದ್ದರಿಂದ ಅಲ್ಲಿ ಯಾವ ಪ್ರಶ್ನೆಯನ್ನೂ ಬಿಡಬಾರದು. ಆದರೂ ತಳ್ಳಿಹಾಕಿ ಊಹಿಸುವವನ ಅವಕಾಶ ಸುಮ್ಮನೆ ಊಹಿಸುವವನದಕ್ಕಿಂತ ಅಲ್ಲಿಯೂ ಹೆಚ್ಚಿನದೇ.

ತಳ್ಳಿಹಾಕುವುದು ಮನುಷ್ಯನ ಸ್ವಭಾವಕ್ಕೆ ಸುಲಭವಲ್ಲ. ಮೆಚ್ಚಿದ್ದಕ್ಕೆ ಬೆಂಬಲ ಹುಡುಕುವುದೇ ನಮ್ಮ ಸಹಜ ಪ್ರವೃತ್ತಿ. ೧೯೬೦ರಲ್ಲಿ ಪೀಟರ್ ವಾಸನ್ ಎಂಬ ಮನಶ್ಶಾಸ್ತ್ರಜ್ಞರು ೨, ೪, ೬ ಎಂಬ ಮೂರು ಸಂಖ್ಯೆಗಳನ್ನು ಕೊಟ್ಟು, ಇವುಗಳ ಹಿಂದಿನ ನಿಯಮವನ್ನು ಕಂಡುಹಿಡಿಯಿರೆಂದು ಕೆಲವರನ್ನು ಕೇಳಿದರು. ಬೇರೆ ಬೇರೆ ಸಂಖ್ಯೆಗಳನ್ನು ಹೇಳಿ ಪರೀಕ್ಷಿಸಿಕೊಳ್ಳಲು ಅವಕಾಶವಿತ್ತು. ಬಹಳ ಮಂದಿ ಸಮಸಂಖ್ಯೆಗಳೆಂದೋ ಎರಡೆರಡು ಹೆಚ್ಚುತ್ತವೆಯೆಂದೋ ಭಾವಿಸಿ, ೮, ೧೦, ೧೨ ಎಂಬಂತೆ ತಮ್ಮ ಊಹೆಗೆ ಹೊಂದುವವನ್ನೇ ಹೇಳುತ್ತ ಹೋದರು. ನಿಜವಾದ ನಿಯಮ ಏರುತ್ತ ಹೋಗುವ ಯಾವುದೇ ಮೂರು ಸಂಖ್ಯೆಗಳು ಎಂಬುದಷ್ಟೇ. ೧, ೨, ೧೦ ಎಂದು ಒಮ್ಮೆ ಹೇಳಿ ತಮ್ಮ ಊಹೆಯನ್ನು ಮುರಿಯಲು ಯತ್ನಿಸಿದ್ದರೆ ಅದು ತಿಳಿಯುತ್ತಿತ್ತು. ಮೆಚ್ಚಿದ ಆಯ್ಕೆಯನ್ನೇ ಮೊದಲು ಮುರಿಯಲು ನೋಡಬೇಕೆಂಬ ಪಾಠ ಇಲ್ಲಿದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸದಿದ್ದರೆ ಅಪ್ರಾಮಾಣಿಕತೆಯಾದೀತು. “ಬಾಳು ನಾಲ್ಕು ಆಯ್ಕೆಗಳನ್ನು ಮುದ್ರಿಸಿ ಕೊಡುವುದಿಲ್ಲ, ಈ ವಿದ್ಯೆಯಿಂದ ಏನು ಫಲ?” ಎಂದು ಹಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಇದಕ್ಕೂ ಅದೇ ಫೂಟರ ಬಾಳಿನಿಂದಲೇ, ಈ ಬಾರಿ ನಮ್ಮ ನಾಡಿನಿಂದ, ಉದಾಹರಣೆ ಕೊಡುತ್ತೇವೆ. ಫೂಟ್ ಅವರು ಮುಂದೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬಹುಕಾಲ ತಿರುಗಾಡಿದವರು. ೧೮೯೪ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮುಖ್ಯಸ್ಥರಾದವರು. ಬಳ್ಳಾರಿಯ ಸುತ್ತಮುತ್ತ, ಕುಡುತಿನಿಯಂಥ ಕಡೆಗಳಲ್ಲಿ, ಬೂದಿಯ ದೊಡ್ಡ ದಿಬ್ಬಗಳಿವೆ. ಅವು ಏನು? ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನರು ಭಕ್ತಿಯಿಂದ ತೋರಿಸುತ್ತಾರೆ. ಜ್ವಾಲಾಮುಖಿಯ ಬೂದಿಯೆಂದು ಕೆಲವರು, ಕುಲುಮೆಗಳ ಕಿಟ್ಟವೆಂದು ಕೆಲವರು, ಸಾಮೂಹಿಕ ದಹನದ ಗುರುತೆಂದು ಕೆಲವರು ಹಿಂದೆ ಊಹಿಸಿದ್ದರು. ಫೂಟರು ಈ ಯಾವ ಆಯ್ಕೆಯನ್ನೂ ಗುರುತಿಸಲಿಲ್ಲ. ನವಶಿಲಾಯುಗದ ಗೋಪಾಲಕರು ತಮ್ಮ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಸುಟ್ಟ ಬೂದಿಯಿದು ಎಂಬ ಐದನೆಯ ಉತ್ತರವನ್ನು ಅವರು ಮುಂದಿಟ್ಟರು. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉತ್ನೂರಿನ ಬೂದಿದಿಬ್ಬವನ್ನು ಅಗೆದಾಗ, ದೊಡ್ಡಿಯ ಬೇಲಿಗಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತು ಆ ಉತ್ತರ ಗಟ್ಟಿಯಾಯಿತು.

ಹೌದು, ಬಾಳಿನಲ್ಲಿ ಸರಿಯುತ್ತರ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಆದರೆ ಐದನೆಯ ಉತ್ತರವನ್ನು ಕಾಣಬಲ್ಲವನು ಯಾರು? ಮೊದಲ ನಾಲ್ಕು ಏಕೆ ಸಾಲವೆಂದು ಕಾರಣಕೊಟ್ಟು ಹೇಳಬಲ್ಲವನೇ. ಅದನ್ನು ಕಲಿಯಲು ನಾಲ್ಕು ಆಯ್ಕೆಗಳ ಪ್ರಶ್ನೆ ಒಂದು ಗರಡಿ. ಗರಡಿಯೇ ಬಾಳಲ್ಲ, ಆದರೆ ಅಲ್ಲಿ ಪಡೆದ ಮೈಕಟ್ಟು ಬಾಳಿಗೆ ಬೇಕು. ನಾಳೆ ಮತ ಕೇಳಲು ಬಂದವನ ಮಾತನ್ನೋ, ಔಷಧಿಯ ಜಾಹೀರಾತನ್ನೋ, ನೆರೆಯವರ ಮೇಲೆ ಹಬ್ಬಿದ ಗಾಳಿಸುದ್ದಿಯನ್ನೋ ಎದುರಿಸಿದಾಗ “ಇದು ನನಗೆ ಹಿತವಾಗಿದೆಯೇ?” ಎನ್ನದೆ “ಇದಕ್ಕೆ ಆಧಾರವೇನು?” ಎಂದು ಕೇಳುವ ಪ್ರಜೆ ನಮಗೆ ಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ತರಗತಿಯಲ್ಲಿ ಇಂಥ ಪ್ರಶ್ನೆಗಳನ್ನು ಬಿಡಿಸುವಾಗ ಸರಿಯುತ್ತರದ ಅಕ್ಷರವನ್ನು ಹೇಳಿಸಿ ಮುಗಿಸಬಾರದು. ಉಳಿದ ಮೂರು ಏಕೆ ಬಿದ್ದವೆಂದು ಒಂದೊಂದು ಕನ್ನಡ ವಾಕ್ಯದಲ್ಲಿ ಬರೆಸಬೇಕು. ಒಂದು ಅವಧಿಯಲ್ಲಿ ಇಪ್ಪತ್ತು ಪ್ರಶ್ನೆಗಳ ಬದಲು ಐದೇ ಆದರೂ ಚಿಂತೆಯಿಲ್ಲ. ಮಕ್ಕಳಿಂದಲೇ ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ರಚಿಸಬೇಕು. ತಪ್ಪು ಆಯ್ಕೆಯನ್ನು ಜಾಣತನದಿಂದ ಕಟ್ಟಬಲ್ಲ ಮಗು ಇತರರು ಕಟ್ಟಿದ ಬಲೆಗೆ ಬೀಳುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, “ಏಕೆ?” ಎಂದು ಕೇಳಿದ ಮಗುವಿಗೆ ಉತ್ತರಸೂಚಿಯನ್ನು ತೋರಿಸಬಾರದು. ಅಂದು ನಾವು ಮಾಡಿದ ತಪ್ಪದು.

ಆ ಬಾಲಕಿಗೆ ಮರುವಾರ ನಾವು ಇದನ್ನೆಲ್ಲ ಹೇಳಿದೆವು. ಅವಳು ಸ್ವಲ್ಪ ಹೊತ್ತು ಗದ್ಯಭಾಗವನ್ನೇ ನೋಡುತ್ತಿದ್ದು, “ಹಾಗಾದರೆ ಸಾರ್, ಆ ಕಲ್ಲು ಬೇರೆಲ್ಲಿಂದಲೋ ತಂದ ಗರಸಿನೊಡನೆ ಅಲ್ಲಿಗೆ ಬಂದಿದ್ದರೆ? ಆಗ (ಇ) ಕೂಡ ಗಟ್ಟಿಯಲ್ಲವಲ್ಲ?” ಎಂದಳು. ನಮಗೆ ಹಿಡಿಸಲಾರದಷ್ಟು ಸಂತೋಷವಾಯಿತು. ರಾಶಿಯನ್ನು ಆ ಗುಂಡಿಯಿಂದಲೇ ಅಗೆದು ಹಾಕಿದ್ದೆಂದು ಗದ್ಯಭಾಗದಲ್ಲಿ ಹೇಳಿರುವುದನ್ನು ಅವಳಿಗೆ ತೋರಿಸಿದೆವು, ಅವಳು ಒಪ್ಪಿದಳು. ಆದರೆ ಒಪ್ಪುವ ಮುನ್ನ ಮತ್ತೊಮ್ಮೆ ಓದಿ ನೋಡಿದಳು. ಆ ಮತ್ತೊಮ್ಮೆಯ ಓದನ್ನು ನಮ್ಮ ಶಾಲೆಯ ಪ್ರತಿಯೊಂದು ಮಗುವೂ ಕಲಿಯಲೆಂಬುದೇ ನಮ್ಮ ಹಾರೈಕೆ.